ಗಂಜಿ ಕೇಂದ್ರದ ಸಾಲಿನಲ್ಲಿ ರಕ್ತದ ಮಾದರಿ

ತುಂಗಭದ್ರಾ ಜಲಾಶಯದಿಂದ ನದಿಗೆ ಬಿಟ್ಟ ನೀರು ಲಕ್ಷ ಕ್ಯೂಸೆಕ್ ದಾಟಿ ಏರುತ್ತಿದೆ ಎಂದರೆ ಮುಂದೇನು ಎಂಬುದು ಕಮಲಾಪುರ, ಹಂಪಿ, ಕಂಪ್ಲಿ ಕಡೆಯವರಿಗೆ ಬಾಯಿಪಾಠ. ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ. ಕಂಪ್ಲಿ–ಗಂಗಾವತಿ ಸೇತುವೆ ಬಂದ್ ಆಗುತ್ತದೆ. 2019ರ ಆಗಸ್ಟಿನಲ್ಲಿ ವಿರುಪಾಪುರ ಗಡ್ಡೆಯಲ್ಲಿ ಸಿಕ್ಕಿಬಿದ್ದ ಪ್ರವಾಸಿಗರನ್ನು ಹೆಲಿಕಾಪ್ಟರ್ ತಂದು ಎತ್ತಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನದಿಪಾತ್ರದ ಊರುಗಳು ನಿದ್ದೆಗೆಟ್ಟು ಕೂತವು. ಪ್ರತಿಸಲ ನೆರೆ ಇಳಿದ ಮೇಲೆ ನಷ್ಟದ ಪಟ್ಟಿ ತಯಾರಾಗುತ್ತದೆ: ಇಷ್ಟು ಎಕರೆ ಭತ್ತ, ಇಷ್ಟು ಬಾಳೆ, ಇಷ್ಟು ಮನೆ, ಇಷ್ಟು ದನಕರು. ನೀರಿನಲ್ಲಿ ಹೋದ ಬಿಪಿ ಗುಳಿಗೆ, ಶುಗರ್ ಗುಳಿಗೆಗಳ ಲೆಕ್ಕ ಆ ಪಟ್ಟಿಯಲ್ಲಿ ಇರುವುದಿಲ್ಲ.

ಮನೆಗೆ ನೀರು ನುಗ್ಗುವಾಗ ಜನ ಮೊದಲು ಗಂಟು ಕಟ್ಟುವುದು ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್. ಗುಳಿಗೆಯ ಪ್ಲಾಸ್ಟಿಕ್ ಚೀಲ ಗೋಡೆಯ ಗೂಡಿನಲ್ಲಿ ದೇವರ ಪಟದ ಪಕ್ಕ ಉಳಿದುಬಿಡುತ್ತದೆ. ಶಾಲೆಯ ಕೋಣೆಯಲ್ಲಿ ಮಲಗಿದ ಮೂರನೆಯ ದಿನ ತಲೆ ಸುತ್ತುತ್ತದೆ. ಯಾವ ಗುಳಿಗೆ ನುಂಗುತ್ತಿದ್ದಿರಿ ಎಂದು ಡಾಕ್ಟರ್ ಕೇಳಿದರೆ ಬಿಳಿದು ಒಂದು, ಗುಲಾಬಿ ಬಣ್ಣದ್ದು ಅರ್ಧ ಎಂಬಷ್ಟೇ ಉತ್ತರ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ, 31.5 ಕೋಟಿ ಜನರಿಗೆ ಅಧಿಕ ರಕ್ತದೊತ್ತಡ ಇದೆ. ಇಷ್ಟು ಜನರಿರುವ ದೇಶದಲ್ಲಿ ಯಾವ ಗಂಜಿ ಕೇಂದ್ರಕ್ಕೆ ಹೋದರೂ ನಾಲ್ಕು ಚಾಪೆ ದಾಟುವುದರೊಳಗೆ ಒಬ್ಬ ಬಿಪಿ ರೋಗಿ ಸಿಗುತ್ತಾರೆ.

ಬರದ ಕಥೆ ಇನ್ನೂ ನಿಧಾನದ್ದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಬರ ಬಂದಾಗ ನಮ್ಮ ಕಡೆಯ ಒಣಭೂಮಿಯ ಕುಟುಂಬಗಳು ಗುಳೆ ಹೋಗುತ್ತವೆ. ಗುಳೆ ಹೋದವರ ಹೆಸರು ಪ್ರಾಥಮಿಕ ಆರೋಗ್ಯ ಕೇಂದ್ರದ ರಿಜಿಸ್ಟರಿನಲ್ಲಿ ಇರುತ್ತದೆ, ಮುಂದಿನ ಕಾಲಂಗಳು ಖಾಲಿ ಇರುತ್ತವೆ. ಬೆಂಗಳೂರಿನ ಕಟ್ಟಡದ ಬುಡದಲ್ಲೋ ಕಬ್ಬಿನ ಗದ್ದೆಯ ಟೆಂಟಿನಲ್ಲೋ ಆರು ತಿಂಗಳು ಕಳೆದು ಬಂದವರ ಕಿಡ್ನಿಗೆ, ಕಣ್ಣಿಗೆ ಅಷ್ಟರಲ್ಲಿ ಏನಾಗಿದೆ ಎಂದು ಯಾರು ನೋಡುತ್ತಾರೆ? ಬರಗಾಲದಲ್ಲಿ ಅಧಿಕ ಮಾಸ ಎಂಬ ಮಾತು ಇಂಥವರಿಗೇ ಹುಟ್ಟಿದ್ದು.

ಆದ್ದರಿಂದ ಸಂಕಟದ ಹೊತ್ತಿನಲ್ಲಿ ದೀರ್ಘಕಾಲದ ಕಾಯಿಲೆಗಳ ಅಧ್ಯಯನ ಬೇಕು. ಬೇಕೇಬೇಕು. ವಾಂತಿಭೇದಿ, ಜ್ವರ, ಹಾವು ಕಡಿತಕ್ಕೆ ಸಿದ್ಧವಾಗುವ ಪರಿಹಾರ ವ್ಯವಸ್ಥೆ ಸಕ್ಕರೆ ಕಾಯಿಲೆಯನ್ನು ಬಹುಕಾಲ ಲೆಕ್ಕಕ್ಕೇ ಇಟ್ಟಿರಲಿಲ್ಲ. ಈ ಕಾಯಿಲೆಗಳ ಔಷಧಿಗೆಂದೇ ಒಂದು ತುರ್ತು ಕಿಟ್ ವಿಶ್ವ ಆರೋಗ್ಯ ಸಂಸ್ಥೆಯಿಂದ ಬಂದದ್ದು ಕಳೆದ ಹತ್ತು ವರ್ಷಗಳ ಆಚೀಚೆ. ಹತ್ತು ಸಾವಿರ ಜನರಿಗೆ ಮೂರು ತಿಂಗಳು ಸಾಲುವಂತೆ ಅದನ್ನು ರೂಪಿಸಲಾಗಿದೆ. ಅಂಥ ಕಿಟ್‌ನಲ್ಲಿ ಏನಿರಬೇಕು, ಎಷ್ಟಿರಬೇಕು ಎಂಬುದನ್ನು ಯಾರೋ ಕೂತು ಅಳೆದು ನೋಡಿದ್ದರಿಂದಲೇ ತಿಳಿಯುತ್ತದೆ. ನನ್ನ ತಕರಾರು ಅಳೆಯುವುದರ ಬಗ್ಗೆ ಇಲ್ಲ. ಅಳೆದವರು ಆಮೇಲೆ ಎಲ್ಲಿಗೆ ಹೋಗುತ್ತಾರೆ ಎಂಬುದರ ಬಗ್ಗೆ ಇದೆ. ಈ ಪ್ರಶ್ನೆಗೆ ನಮ್ಮ ಬಳ್ಳಾರಿ ಸೀಮೆಯಲ್ಲೇ ಸುಮಾರು ನೂರೈವತ್ತು ವರ್ಷದ ಹಳೆಯ ದಾಖಲೆಯೊಂದಿದೆ.

1876ರ ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟು ಶುರುವಾದ ಬರ ಈಶ್ವರ ಸಂವತ್ಸರವನ್ನೂ ನುಂಗಿ 1878ರವರೆಗೆ ನಡೆಯಿತು. ದಕ್ಷಿಣ ಭಾರತದಲ್ಲಿ ಐವತ್ತು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಮದ್ರಾಸ್ ಪ್ರಾಂತದಲ್ಲಿ ಅತಿ ಹೆಚ್ಚು ಹೊಡೆತ ತಿಂದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಹೊಸಪೇಟೆ, ಕಂಪ್ಲಿ ಆಗ ಅದರೊಳಗೇ ಇದ್ದವು. 1871 ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಹೆಚ್ಚುಕಡಿಮೆ ಐದನೇ ಒಂದರಷ್ಟು ಕುಸಿಯಿತು.

1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಕಳಿಸಿದ ಬರ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ಮದ್ರಾಸ್ ಪ್ರಾಂತಕ್ಕೆ ಬಂದರು. ಮೂರು ವರ್ಷದ ಹಿಂದೆ ಬಿಹಾರದ ಬರದಲ್ಲಿ ಧಾರಾಳವಾಗಿ ಧಾನ್ಯ ತರಿಸಿ ಜನರನ್ನು ಉಳಿಸಿದ್ದಕ್ಕೆ ದುಂದುಗಾರ ಎಂಬ ಬೈಗುಳ ತಿಂದವರು ಇವರೇ. ಈ ಬಾರಿ ಖರ್ಚು ಕಡಿತದ ಹಟಕ್ಕೆ ಬಿದ್ದರು. ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮೇಲೆ ಪುಡಿಗಾಸು ಎಂದು ನಿಗದಿ ಮಾಡಿದರು. ಅಷ್ಟರಲ್ಲಿ ಮನುಷ್ಯ ದುಡಿದು ಬದುಕುತ್ತಾನೋ ಇಲ್ಲವೋ ಪ್ರಯೋಗ ಮಾಡಿ ನೋಡೋಣ ಎಂಬುದು ಆಗಿನ ವಾದ. ಪ್ರಯೋಗಕ್ಕೆ ಒಳಗಾದವರು ಹಸಿದ ಕೂಲಿಗಳು. ಅವರನ್ನು ಯಾರೂ ಕೇಳಲಿಲ್ಲ. ಒಲ್ಲೆ ಎಂದವರಿಗೆ ಬೇರೆ ಕೂಳು ಇರಲಿಲ್ಲ.

ಇದನ್ನು ವಿರೋಧಿಸಿದವರು ಮದ್ರಾಸ್ ಪ್ರಾಂತದ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು.ಆರ್. ಕಾರ್ನಿಷ್. ದುಡಿಯುವ ಆಳಿಗೆ ಕನಿಷ್ಠ ಒಂದೂವರೆ ಪೌಂಡ್ ಧಾನ್ಯ, ಜೊತೆಗೆ ಬೇಳೆ-ತರಕಾರಿ ಬೇಕು ಎಂದು ಅವರು ಪಟ್ಟು ಹಿಡಿದರು. ಅವರೂ ಅಂಕಿಅಂಶಗಳನ್ನೇ ಹಿಡಿದು ವಾದಿಸಿದರು: ಜೈಲುಗಳ ಊಟದ ಲೆಕ್ಕ, ಶಿಬಿರಗಳ ಸಾವಿನ ಲೆಕ್ಕ, ಬಡಕಲಾದ ದೇಹಗಳ ಪರೀಕ್ಷೆ. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿ ಏರಿಸಬೇಕಾಯಿತು. ಆ ವೇಳೆಗೆ ಎಷ್ಟು ಜೀವ ಹೋಗಿದ್ದವು ಎಂಬುದು ಬೇರೆ ಮಾತು.

ಇಬ್ಬರೂ ಹಸಿದವರ ದೇಹವನ್ನು ಅಳೆದವರೇ. ಆದರೆ ಸರ್ಕಾರದ ಖರ್ಚು ಎಷ್ಟರಮಟ್ಟಿಗೆ ಇಳಿಸಬಹುದು ಎಂದು ಟೆಂಪಲ್ ಅಳೆದರು, ಕೂಲಿಯವನ ತಟ್ಟೆಗೆ ಎಷ್ಟು ಬೀಳಬೇಕು ಎಂದು ಕಾರ್ನಿಷ್ ಅಳೆದರು. ಸಂಕಟದಲ್ಲಿರುವವರ ಮೇಲೆ ನಡೆಯುವ ಯಾವುದೇ ಅಧ್ಯಯನದ ಮುಂದೆ ಇಂದಿಗೂ ಮೊದಲು ಕೇಳಬೇಕಾದದ್ದು ಇದನ್ನೇ: ಉತ್ತರ ಸಿಕ್ಕರೆ ಅದು ಯಾರ ತಟ್ಟೆಗೆ ಬೀಳುತ್ತದೆ?

ಅದೇ ಬರದಲ್ಲಿ ವಿಲೋಬಿ ಹೂಪರ್ ಎಂಬ ಸೇನಾಧಿಕಾರಿ ಎಲುಬಿನ ಗೂಡಾದ ಜನರನ್ನು ಸಾಲಾಗಿ ಕೂರಿಸಿ ಫೋಟೊ ತೆಗೆದ. ಫೋಟೊ ತೆಗೆದನೇ ಹೊರತು ಅವರಿಗೆ ನೆರವಾಗಲಿಲ್ಲ ಎಂಬ ಆರೋಪ ಅವನನ್ನು ಇಂದಿಗೂ ಬಿಟ್ಟಿಲ್ಲ. ಮದ್ರಾಸಿನ ಶಿಬಿರದಲ್ಲಿ ಸತ್ತವರ ಶವಪರೀಕ್ಷೆ ನಡೆಸಿದ ಡಾ. ಅಲೆಕ್ಸಾಂಡರ್ ಪೋರ್ಟರ್ 1889ರಲ್ಲಿ ಬರದ ರೋಗಗಳ ಬಗ್ಗೆ ದೊಡ್ಡ ಪುಸ್ತಕವನ್ನೇ ಪ್ರಕಟಿಸಿದರು. ಹಸಿವು ಮನುಷ್ಯನ ಕರುಳನ್ನು ಹೇಗೆ ತೆಳುವಾಗಿಸುತ್ತದೆ ಎಂಬ ಜ್ಞಾನದಲ್ಲಿ ಆ ಅನಾಮಿಕ ದೇಹಗಳ ಪಾಲಿದೆ. ಅವರ ಮನೆಯವರಿಗೆ ಆ ಪುಸ್ತಕ ಇದೆ ಎಂಬುದೂ ಗೊತ್ತಾಗಿರಲಾರದು.

ಹಸಿವಿನ ಪರಿಣಾಮ ಹಸಿವಿನೊಂದಿಗೆ ಮುಗಿಯುವುದಿಲ್ಲ ಎಂಬುದು ಬಹಳ ತಡವಾಗಿ ತಿಳಿಯಿತು. 1944–45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಬಿದ್ದ ಕ್ಷಾಮದ ವೇಳೆ ತಾಯ ಗರ್ಭದಲ್ಲಿದ್ದ ಮಕ್ಕಳನ್ನು ಅವರ ಐವತ್ತನೆಯ ವಯಸ್ಸಿನ ಸುಮಾರಿಗೆ ಪರೀಕ್ಷಿಸಿದಾಗ ದೇಹ ಸಕ್ಕರೆಯನ್ನು ನಿಭಾಯಿಸುವ ಶಕ್ತಿ ಕುಂದಿರುವುದು ಕಂಡುಬಂತು. ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಜೋಪಾನವಾಗಿಟ್ಟ ಹೆರಿಗೆ ದಾಖಲೆಗಳನ್ನು ಹಿಡಿದು ಡಾ. ಕೆರೊಲಿನ್ ಫಾಲ್ ಮತ್ತು ಮೈಸೂರಿನ ವೈದ್ಯರು ಹುಟ್ಟುವಾಗಿನ ತೂಕ-ಗಾತ್ರಕ್ಕೂ ದೊಡ್ಡವರಾದ ಮೇಲಿನ ಸಕ್ಕರೆ ಕಾಯಿಲೆ, ಹೃದಯರೋಗಗಳಿಗೂ ಇರುವ ನಂಟನ್ನು ಹುಡುಕಿದ್ದು ವೈದ್ಯಲೋಕಕ್ಕೆ ಗೊತ್ತಿರುವ ಸಂಗತಿ. ಹೆರಿಗೆ ಕೋಣೆಯ ನರ್ಸ್ ಶಿಸ್ತಿನಿಂದ ಬರೆದಿಟ್ಟ ತೂಕ ಅರ್ಧ ಶತಮಾನ ಕಳೆದು ಮಾತಾಡಿತು. ನೆರೆ, ಬರಗಳ ಕಾಲದಲ್ಲಿ ನಾವು ಇಂದು ಏನು ಬರೆದಿಡುತ್ತೇವೆ ಎಂಬುದು ಅಷ್ಟೇ ದೂರ ಹೋಗಬಲ್ಲದು.

ಸಂಕಟದ ನಡುವೆ ಒಳ್ಳೆಯ ಅಧ್ಯಯನ ಹೇಗಿರುತ್ತದೆ ಎನ್ನುವುದಕ್ಕೆ ನನಗೆ ಬಹಳ ಹಿಡಿಸಿದ ಉದಾಹರಣೆ ಕೀನ್ಯಾದ ದಾದಾಬ್ ನಿರಾಶ್ರಿತರ ಶಿಬಿರದ್ದು. ಅಲ್ಲಿ ಗುಡಾರಗಳಲ್ಲಿ ಫ್ರಿಜ್ ಇಲ್ಲ. ಇನ್ಸುಲಿನ್ ತಣ್ಣಗಿರಬೇಕು ಎಂಬ ನಿಯಮದಿಂದಾಗಿ ರೋಗಿಗಳು ಪ್ರತಿ ಇಂಜೆಕ್ಷನ್ನಿಗೂ ಆಸ್ಪತ್ರೆಗೆ ನಡೆದು ಬರಬೇಕಿತ್ತು. ದಿನಕ್ಕೆರಡು ಸಲ ನಡೆದು ಬರುವವನು ದುಡಿಯುವುದು ಯಾವಾಗ? ಎಂಎಸ್ಎಫ್ ಎಂಬ ವೈದ್ಯರ ಸಂಘಟನೆ ಮತ್ತು ಜಿನೀವಾ ವಿಶ್ವವಿದ್ಯಾಲಯ ಕೂಡಿ ಶಿಬಿರದ ಮನೆಗಳ ತಾಪಮಾನ ಗುರುತಿಸಿಕೊಂಡವು. ಅದು 25ರಿಂದ 37 ಡಿಗ್ರಿ ಸೆಲ್ಸಿಯಸ್ ನಡುವೆ ಏರಿಳಿಯುತ್ತಿತ್ತು. ಪ್ರಯೋಗಾಲಯದಲ್ಲಿ ಅದೇ ಏರಿಳಿತ ಸೃಷ್ಟಿಸಿ ಇನ್ಸುಲಿನ್ ಸೀಸೆಗಳನ್ನು ಇಟ್ಟು ನೋಡಿದರು. ನಾಲ್ಕು ವಾರವಾದರೂ ಔಷಧ ತನ್ನ ಕಸುವು ಉಳಿಸಿಕೊಂಡಿತ್ತು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ರೋಗಿ ಇನ್ಸುಲಿನ್ನನ್ನು ಮನೆಗೆ ಒಯ್ಯಬಹುದು ಎನ್ನುವುದಕ್ಕೆ ಆಧಾರ ಸಿಕ್ಕಿತು.

ಇಲ್ಲಿ ಪ್ರಶ್ನೆ ಹುಟ್ಟಿದ್ದು ರೋಗಿಯ ಕಾಲುನೋವಿನಲ್ಲಿ. ಪರೀಕ್ಷೆಗೆ ಒಳಗಾದದ್ದು ಸೀಸೆ, ಮನುಷ್ಯನಲ್ಲ. ಉತ್ತರ ಮರಳಿದ್ದು ಅದೇ ರೋಗಿಗೆ. ಆದರೆ ಇದನ್ನು ಹಾಗೇ ಎತ್ತಿ ತಂದು ನಮ್ಮಲ್ಲಿ ಜಾರಿ ಮಾಡಲಾಗದು, ಬಳ್ಳಾರಿಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ಹಸಿ ಮರಳಿನ ಮೇಲೆ ಮಣ್ಣಿನ ಗಡಿಗೆ ಇಟ್ಟು ಅದರೊಳಗೆ ಇನ್ಸುಲಿನ್ ಇಡುವ ರೂಢಿ ಬಡವರ ಮನೆಗಳಲ್ಲಿ ಉಂಟು. ಕಂಪ್ಲಿ ಕಡೆಯ ಗಂಜಿ ಕೇಂದ್ರದಲ್ಲಿ, ಸಂಡೂರಿನ ಗಣಿ ಕಾರ್ಮಿಕರ ಶೆಡ್ಡಿನಲ್ಲಿ ಆ ಗಡಿಗೆಯ ಒಳಗೆ ಎಷ್ಟು ಡಿಗ್ರಿ ಇರುತ್ತದೆ? ನಾಲ್ಕು ಥರ್ಮಾಮೀಟರ್ ಇದ್ದರೆ ಸಾಕು, ಯಾರ ರಕ್ತವನ್ನೂ ತೆಗೆಯಬೇಕಿಲ್ಲ. ನಮ್ಮ ವೈದ್ಯಕೀಯ ವಿದ್ಯಾರ್ಥಿಗಳು ಕೈಹಾಕಬೇಕಾದ ಕೆಲಸ ಇಂಥದ್ದು.

ಇದಕ್ಕೆ ತಿರುಗುಮುರುಗಾದ ಅನುಭವ ಕನ್ನಡಿಗರಿಗೆ ಹತ್ತಿರದಲ್ಲೇ ಇದೆ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ ಪಡ್ರೆಯಲ್ಲಿ ಕನ್ನಡ, ತುಳು ಮಾತಾಡುವ ಮನೆಗಳ ಮೇಲ್ಗಡೆ ಗುಡ್ಡದ ಗೇರುತೋಟಗಳಿಗೆ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ ಎರಡು ದಶಕಕ್ಕೂ ಹೆಚ್ಚು ಕಾಲ, 2000ನೇ ಇಸವಿಯವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಅಲ್ಲಿ ಏನೋ ಸರಿಯಿಲ್ಲ ಎಂದು ಮೊದಮೊದಲು ಗುರುತಿಸಿದವರಲ್ಲಿ ಒಬ್ಬರು ಊರಲ್ಲೇ ಔಷಧಿ ಕೊಡುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್. ಒಂದೇ ಪ್ರದೇಶದ ಮನೆಮನೆಯಲ್ಲಿ ನರರೋಗ, ಬುದ್ಧಿಮಾಂದ್ಯ, ಕ್ಯಾನ್ಸರ್ ಕಾಣುತ್ತಿದ್ದುದನ್ನು ಅವರು ಬರೆದಿಟ್ಟರು. ಪತ್ರಕರ್ತ ಶ್ರೀಪಡ್ರೆ ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಆಮೇಲೆ ತಂಡಗಳು ಬಂದವು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ರಕ್ತ, ನೀರು, ಮಣ್ಣುಗಳ ಮಾದರಿ ಪರೀಕ್ಷಿಸಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಾಲಾಮಕ್ಕಳನ್ನು ಪರೀಕ್ಷಿಸಿತು. ಸಮಿತಿಯ ಮೇಲೆ ಸಮಿತಿ, ಒಂದರ ವರದಿಯನ್ನು ಅಲ್ಲಗಳೆಯುವ ಇನ್ನೊಂದು ವರದಿ, ಕ್ಯಾಮೆರಾಗಳು. ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಲು ಹೇಳಿತು. ಐದು ವರ್ಷ ಕಳೆದರೂ ಬಹುತೇಕರಿಗೆ ಅದು ಮುಟ್ಟಿಲ್ಲವೆಂದು 2022ರಲ್ಲಿ ಅದೇ ನ್ಯಾಯಾಲಯ ಕೇರಳ ಸರ್ಕಾರವನ್ನು ತರಾಟೆಗೆ ತೆಗೆದುಕೊಂಡಿತು.

ಮಗುವಿನ ತೋಳಿನಿಂದ ರಕ್ತ ತೆಗೆಯಲು ಬಿಟ್ಟ ತಾಯಿ ಮುಂದಿನ ತಂಡ ಬಂದಾಗ ಬಾಗಿಲು ಹಾಕಿಕೊಂಡರೆ ತಪ್ಪು ಯಾರದು? ಸಂಶೋಧಕರು ಇದನ್ನು ಸಮೀಕ್ಷೆಯ ದಣಿವು ಎನ್ನುತ್ತಾರೆ. ದಣಿವು ಎಂದರೆ ಆ ತಾಯಿಯದೇ ಏನೋ ಕೊರತೆ ಎಂಬಂತೆ ಕೇಳಿಸುತ್ತದೆ. ಅವಳು ದಣಿದಿಲ್ಲ, ಅವಳಿಗೆ ಕೊಟ್ಟ ಮಾತು ತಪ್ಪಿದ್ದಾರೆ. ಇಡೀ ಪ್ರಕರಣದಲ್ಲಿ ಜನ ಕಡೆಯವರೆಗೆ ನಂಬಿದ್ದು ಊರ ಡಾಕ್ಟರ ಮಾತನ್ನು. ಅವರು ಬರೆದುಕೊಂಡ ಕೈಯಲ್ಲೇ ಔಷಧಿಯನ್ನೂ ಕೊಡುತ್ತಿದ್ದರು.

ಭೋಪಾಲದ್ದು ಇನ್ನೊಂದು ಬಗೆ. 1984ರ ಅನಿಲ ದುರಂತದ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಾವಿರಾರು ಸಂತ್ರಸ್ತರನ್ನು ಹಿಂಬಾಲಿಸಿ ನಡೆಸುತ್ತಿದ್ದ ದೀರ್ಘಾವಧಿ ಅಧ್ಯಯನ 1994ರಲ್ಲಿ ನಿಂತುಹೋಯಿತು. ಉಸಿರಾಟದ ಕಾಯಿಲೆಗಳು ನಿಲ್ಲಲಿಲ್ಲ. ಜನರು ಮುಂದೆ ನಿಜವಾಗಿ ನರಳುವ ವರ್ಷಗಳಲ್ಲಿ ಬರೆದಿಡುವವರು ಕೈಬಿಟ್ಟರು. ದೀರ್ಘಕಾಲದ ಕಾಯಿಲೆಯನ್ನು ಅಲ್ಪಕಾಲದ ಹಣಕಾಸಿನಲ್ಲಿ ಅಧ್ಯಯನ ಮಾಡಹೊರಟರೆ ಆಗುವುದು ಇದೇ.

ಈಗ ಗಂಜಿ ಕೇಂದ್ರದ ಬಾಗಿಲಿಗೆ ಬರೋಣ. ಸರ್ಕಾರ ಅದನ್ನು ಈಗ ಕಾಳಜಿ ಕೇಂದ್ರ ಎನ್ನುತ್ತದೆ, ಜನ ಗಂಜಿ ಕೇಂದ್ರ ಎನ್ನುತ್ತಾರೆ. ಕಂದಾಯ ಇಲಾಖೆಯವರು ಒಂದು ಮೇಜಿನಲ್ಲಿ ಬಿದ್ದ ಮನೆಗಳ ಪಟ್ಟಿ ಬರೆಯುತ್ತಿರುತ್ತಾರೆ. ಪಕ್ಕದ ಮೇಜಿನಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗರು ಬೆರಳಿಗೆ ಸೂಜಿ ಚುಚ್ಚಿ ಶುಗರ್ ನೋಡುತ್ತಾರೆ, ಫಾರಂ ಮುಂದಿಡುತ್ತಾರೆ. ನಮ್ಮ ಕಡೆಯ ಅಜ್ಜಿಯೊಬ್ಬಳು ಇಂಥಲ್ಲಿ ಕೇಳುವ ಮಾತು ಒಂದೇ: “ತಮ್ಮಾ, ಇದಕ ಹೆಬ್ಬೆಟ್ಟು ಒತ್ತಿದ್ರ ಮನಿ ಬಿದ್ದಿದ್ದಕ್ಕ ರೊಕ್ಕ ಬರ್ತೈತೇನಪಾ?”

ಒಪ್ಪಿಗೆಯ ಎಲ್ಲ ತೊಡಕೂ ಆ ಒಂದು ಮಾತಿನಲ್ಲಿದೆ. ಅವಳ ಲೆಕ್ಕದಲ್ಲಿ ಹೆಬ್ಬೆಟ್ಟು ಎಂದರೆ ಪಡಿತರ, ಪಿಂಚಣಿ, ಪರಿಹಾರ. ಬಿಳಿ ಹಾಳೆ ಹಿಡಿದವರೆಲ್ಲ ಸರ್ಕಾರದವರು. ಒತ್ತದಿದ್ದರೆ ಪಟ್ಟಿಯಿಂದ ಹೆಸರು ಹೋದೀತು ಎಂಬ ಭಯ. ನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ಅಚ್ಚ ಗ್ರಂಥಸ್ಥ ಕನ್ನಡದಲ್ಲಿ ಓದಿ ಹೇಳಿದರೆ ಕಾನೂನಿನ ಬಾಯಿ ಮುಚ್ಚಬಹುದು, ಅವಳ ಭಯ ಹೋಗುವುದಿಲ್ಲ. “ಇಲ್ಲ ಯವ್ವಾ, ಇದಕ್ಕೂ ಪರಿಹಾರಕ್ಕೂ ಸಂಬಂಧ ಇಲ್ಲ. ನೀ ಒಲ್ಲೆ ಅಂದ್ರೂ ಊಟ, ರೊಕ್ಕ ಏನೂ ತಪ್ಪಂಗಿಲ್ಲ” ಎಂದು ಅವಳ ಮಾತಿನಲ್ಲೇ ಹೇಳಬೇಕು. ಹೇಳಿದ ಮೇಲೆ ಅವಳು ಒಲ್ಲೆ ಅಂದರೆ ಮುಖ ಸಿಂಡರಿಸದೆ ಏಳಬೇಕು. ಆ ಮೇಜು ಪರಿಹಾರದ ಮೇಜಿನ ಪಕ್ಕದಲ್ಲಿ ಇರಲೇಬಾರದು. ನೀರು ಏರುತ್ತಿರುವ ವಾರದಲ್ಲಿ ಕೇಳುವುದಕ್ಕಿಂತ ಅವಳು ಮನೆಗೆ ಮರಳಿ ಒಲೆ ಹಚ್ಚಿದ ಮೇಲೆ ಇನ್ನೊಮ್ಮೆ ಬಂದು, “ಅವತ್ತು ಕೊಟ್ಟ ಒಪ್ಪಿಗೆ ಇವತ್ತೂ ಐತೇನು?” ಎಂದು ಕೇಳಬೇಕು.

ಇವು ನನ್ನ ಮನಸ್ಸಿಗೆ ತೋಚಿದ ಆದರ್ಶಗಳಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯಲ್ಲಿ ದುರಂತ ಮತ್ತು ಮಾನವೀಯ ತುರ್ತುಸ್ಥಿತಿಗಳ ಸಂಶೋಧನೆಗೆಂದೇ ಒಂದು ಪ್ರತ್ಯೇಕ ಅಧ್ಯಾಯವಿದೆ, ಹನ್ನೆರಡನೆಯದು. ನೆರವು ಬೇರೆ, ಸಂಶೋಧನೆ ಬೇರೆ ಎಂಬುದು ಜನರಿಗೆ ಸ್ಪಷ್ಟವಾಗಬೇಕು, ನೊಂದವರಿಗೆ ಹೆಚ್ಚಿನ ರಕ್ಷಣೆ ಬೇಕು ಎನ್ನುತ್ತದೆ ಅದು. ಇಂಥ ಸಂದರ್ಭಗಳಿಗೆ ಮುಂಚಿತವಾಗಿಯೇ ಯೋಜನೆ ಸಿದ್ಧಪಡಿಸಿಟ್ಟುಕೊಳ್ಳಲು, ನೈತಿಕ ಸಮಿತಿಗಳು ಬೇಗ ಪರಿಶೀಲಿಸಲು ಅವಕಾಶವನ್ನೂ ಕೊಡುತ್ತದೆ. ನಿಯಮ ಇದೆ. ಅದು ತಾಲ್ಲೂಕು ಮಟ್ಟಕ್ಕೆ ಇಳಿದಿಲ್ಲ.

ಇನ್ನೂ ಒಂದು ಬಿಗಿಯಾದ ಗಂಟು ಇದೆ. ಗಂಜಿ ಕೇಂದ್ರದಲ್ಲಿ ಇನ್ನೂರು ಜನರ ಬೆರಳು ಚುಚ್ಚಿದಾಗ ಕೆಲವರಿಗೆ ಸಕ್ಕರೆ ಕಾಯಿಲೆ ಇರುವುದು ಮೊದಲ ಬಾರಿ ಗೊತ್ತಾಗುತ್ತದೆ. ನಮ್ಮದು ಬರೀ ಸಮೀಕ್ಷೆ, ಚಿಕಿತ್ಸೆ ನಮ್ಮ ಯೋಜನೆಯಲ್ಲಿ ಇಲ್ಲ ಎಂದು ತಂಡ ಹೇಳಿದರೆ? ಆಸ್ಪತ್ರೆಗೆ ಹೋಗಿ ಎಂಬ ಚೀಟಿ ಬರೆದುಕೊಟ್ಟರೆ ಸಾಕು ಎನ್ನುವ ವಾದವೂ ಉಂಟು. ಸೇತುವೆ ಮುಳುಗಿರುವ ಊರಲ್ಲಿ ಚೀಟಿ ಹಿಡಿದು ಅವರು ಎಲ್ಲಿಗೆ ಹೋಗಬೇಕು? ರೋಗ ಪತ್ತೆ ಹಚ್ಚಿದವರು ಕನಿಷ್ಠ ಮೂರು ತಿಂಗಳ ಗುಳಿಗೆಯನ್ನು ತಮ್ಮ ಬಜೆಟ್ಟಿನಲ್ಲೇ ಸೇರಿಸಿರಬೇಕು, ಆಮೇಲೆ ಯಾವ ಆರೋಗ್ಯ ಕೇಂದ್ರ ವಹಿಸಿಕೊಳ್ಳುತ್ತದೆ ಎಂದು ಮೊದಲೇ ಬರೆದುಕೊಂಡಿರಬೇಕು. ಇದರಿಂದ ಅಧ್ಯಯನ ದುಬಾರಿಯಾಗುತ್ತದೆ, ಸಂಖ್ಯೆ ಚಿಕ್ಕದಾಗುತ್ತದೆ ಎಂದು ಸಂಶೋಧಕ ಮಿತ್ರರು ಹೇಳುತ್ತಾರೆ. ಆಗಲಿ. ಇನ್ನೂರು ಜನರನ್ನು ಅಳೆದು ಬಿಟ್ಟುಹೋಗುವುದಕ್ಕಿಂತ ಅರವತ್ತು ಜನರನ್ನು ಅಳೆದು ನೋಡಿಕೊಳ್ಳುವುದು ವಿಜ್ಞಾನದ ದೃಷ್ಟಿಯಿಂದಲೂ ಮೇಲು, ಆರು ತಿಂಗಳ ನಂತರ ಆ ಅರವತ್ತು ಜನ ಮತ್ತೆ ಸಿಗುತ್ತಾರೆ.

ಒಂದು ಗುಂಪಿಗೆ ಔಷಧಿ ಕೊಟ್ಟು ಇನ್ನೊಂದಕ್ಕೆ ಕೊಡದೆ ಹೋಲಿಸುವ ವಿಧಾನವಂತೂ ಇಲ್ಲಿ ಸಲ್ಲದು. ಕೆಲಸ ಮಾಡುತ್ತದೆಂದು ಈಗಾಗಲೇ ಗೊತ್ತಿರುವ ಗುಳಿಗೆಯನ್ನು ತಡೆಹಿಡಿದು ಕಲಿಯುವುದು ಏನೂ ಇಲ್ಲ. ಗುಳಿಗೆಯನ್ನು ಆಶಾ ಕಾರ್ಯಕರ್ತೆ ಮನೆಗೆ ಮುಟ್ಟಿಸಿದರೆ ಹೆಚ್ಚು ಜನ ತಪ್ಪದೆ ನುಂಗುತ್ತಾರೋ, ಅಂಗನವಾಡಿಯಲ್ಲಿ ಇಟ್ಟರೋ ಎಂದು ಹೋಲಿಸಬಹುದು. ಎರಡೂ ಗುಂಪಿಗೆ ಔಷಧಿ ಸಿಗುತ್ತದೆ, ಆಡಳಿತಕ್ಕೆ ಉತ್ತರವೂ ಸಿಗುತ್ತದೆ.

ಇದಕ್ಕೆ ಬೇಕಾದ ಅರ್ಧ ಸಾಮಗ್ರಿ ನಮ್ಮ ಬಳಿ ಈಗಲೇ ಇದೆ. 2024ರಲ್ಲಿ ಕೋಲಾರದಲ್ಲಿ ಶುರುವಾಗಿ ಬೇರೆಡೆಗೆ ವಿಸ್ತರಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಹೋಗಿ ಬಿಪಿ, ಶುಗರ್ ನೋಡುತ್ತಾರೆ. ಅಂದರೆ ಯಾವ ಬೀದಿಯಲ್ಲಿ ಯಾರು ಯಾವ ಗುಳಿಗೆ ನುಂಗುತ್ತಾರೆ ಎಂಬ ಪಟ್ಟಿ ಸಿದ್ಧವಾಗುತ್ತಿದೆ. ನದಿದಂಡೆಯ ಊರುಗಳ ಆ ಪಟ್ಟಿಯ ಒಂದು ಪ್ರತಿ ಕಂಪ್ಲಿ ಮತ್ತು ಹೊಸಪೇಟೆ ತಾಲ್ಲೂಕು ಆರೋಗ್ಯಾಧಿಕಾರಿಗಳ ಬಳಿ ಬೀಗದೊಳಗೆ ಇರಲಿ. ಜಲಾಶಯದಿಂದ ಎಚ್ಚರಿಕೆ ಬಂದ ದಿನವೇ ಹದಿನೈದು ದಿನದ ಗುಳಿಗೆ ಕಾಳಜಿ ಕೇಂದ್ರಕ್ಕೆ ಹೊರಡಲಿ. ಆ ಪಟ್ಟಿ ಸಂಶೋಧಕರ ಕೈಗೆ ಹೋಗುವುದಿದ್ದರೆ ಹೆಸರು ಅಳಿಸಿ ಹೋಗಲಿ: ಯಾರಿಗೆ ಯಾವ ಕಾಯಿಲೆ ಎಂಬುದು ಸಣ್ಣ ಊರಿನಲ್ಲಿ ಹೆಣ್ಣುಮಗಳೊಬ್ಬಳ ಮದುವೆಯ ಮಾತುಕತೆಯವರೆಗೂ ಹೋಗಿ ಮುಟ್ಟುತ್ತದೆ.

ವಿಜಯನಗರ ಮತ್ತು ಬಳ್ಳಾರಿ ಜಿಲ್ಲಾಡಳಿತಗಳು ಪ್ರತಿವರ್ಷ ಮುಂಗಾರಿಗೆ ಮೊದಲು ನೆರೆ ಮುಂಜಾಗ್ರತಾ ಸಭೆ ನಡೆಸುತ್ತವೆ. ಬೋಟು, ಈಜುಗಾರರು, ಜನರೇಟರ್ ಎಲ್ಲದರ ಚರ್ಚೆಯಾಗುತ್ತದೆ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ನೈತಿಕ ಸಮಿತಿಯಿಂದ ಒಬ್ಬರನ್ನು, ನದಿದಂಡೆಯ ಊರುಗಳ ಇಬ್ಬರು ಆಶಾ ಕಾರ್ಯಕರ್ತೆಯರನ್ನು, ಸಕ್ಕರೆ ಕಾಯಿಲೆ ಇರುವ ಊರವರೊಬ್ಬರನ್ನು ಆ ಸಭೆಗೆ ಕರೆಯಲಿ. ನೆರೆ ಬಂದರೆ ಯಾವ ಅಧ್ಯಯನಕ್ಕೆ ಬಾಗಿಲು ತೆರೆಯಬೇಕು, ಯಾವುದಕ್ಕೆ ಮುಚ್ಚಬೇಕು ಎಂಬುದನ್ನು ಅಲ್ಲಿ ಒಂದು ಪುಟದಲ್ಲಿ ಬರೆದಿಡಲಿ. ಹೊರಗಿನಿಂದ ಬರುವ ತಂಡ ಯಾವುದೇ ಇರಲಿ, ಎಷ್ಟೇ ದೊಡ್ಡ ಹೆಸರಿನದಿರಲಿ, ಮೊದಲ ಬೆರಳು ಚುಚ್ಚುವ ಮುನ್ನ ಆ ಪುಟದಲ್ಲಿ ಮೂರು ಸಾಲು ತುಂಬಿ ಸಹಿ ಹಾಕಬೇಕು: ಗುಳಿಗೆ ಎಲ್ಲಿಂದ ಬರುತ್ತದೆ, ಎಷ್ಟು ತಿಂಗಳು ಬರುತ್ತದೆ, ಫಲಿತಾಂಶ ಹೇಳಲು ಊರಿಗೆ ಮರಳುವ ತಾರೀಕು ಯಾವುದು.